ಎರಡನೇ ಆಯ್ಕೆಯನ್ನೂ ಕೇಳುವ ಮತಪತ್ರ



ಚುನಾವಣೆ ಬಂತೆಂದರೆ ನಮ್ಮ ಬಳ್ಳಾರಿ ಭಾಗದ ಕಟ್ಟೆಗಳ ಮೇಲೆ, ಚಹಾದ ಅಂಗಡಿಗಳ ಮುಂದೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: 'ಮನುಷ್ಯ ಒಳ್ಳೆಯವನೇ, ಆದರೆ ಅವನಿಗೆ ಹಾಕಿದರೆ ಓಟು ವೇಸ್ಟ್.' ಹೀಗೆ ಹೇಳುವವರು ದಡ್ಡರಲ್ಲ, ಲೆಕ್ಕ ಬಲ್ಲವರು. ತಮಗೆ ಬೇಕಾದವನನ್ನು ಬಿಟ್ಟು, ಬೇಡವಾದವನನ್ನು ಸೋಲಿಸಬಲ್ಲವನ ಗುಂಡಿ ಒತ್ತಿ ಹೊರಬರುತ್ತಾರೆ. ಎರಡೇ ಪಕ್ಷಗಳ ನಡುವೆ ಸಿಕ್ಕಿಕೊಂಡಿದ್ದೇವೆ ಎಂಬ ಬೇಸರ ಇಂದು ಎಲ್ಲೆಡೆ ಇದೆ. ಬೇಸರಕ್ಕೆ ಕಾರಣ ಕೇಳಿದರೆ ನಾವು ಹಣ, ಜಾತಿ, ನಾಯಕರ ಸ್ವಾರ್ಥ ಎನ್ನುತ್ತೇವೆ. ಅವೆಲ್ಲ ನಿಜವೇ. ಆದರೆ ಅವುಗಳ ಕೆಳಗೆ ಇನ್ನೊಂದು ಕಾರಣವಿದೆ, ಅದರ ಬಗ್ಗೆ ಚರ್ಚೆಯೇ ಆಗುವುದಿಲ್ಲ. ಮತದಾರನಿಂದ ನಾವು ಒಂದೇ ಒಂದು ಗುರುತನ್ನು ಕೇಳುತ್ತೇವೆ, ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದವನನ್ನು ಗೆದ್ದವನೆನ್ನುತ್ತೇವೆ. ಈ ನಿಯಮ ಇರುವವರೆಗೂ ಓಟು ವೇಸ್ಟಾಗುವ ಭಯ ಇದ್ದೇ ಇರುತ್ತದೆ. ಆ ಭಯ ಇರುವವರೆಗೂ ಮೂರನೆಯವನಿಗೆ ಜಾಗವಿಲ್ಲ. ಈ ನಿಯಮವನ್ನು ಬದಲಾಯಿಸಬಹುದು, ಬದಲಾವಣೆಯನ್ನು ನಮ್ಮ ಜಿಲ್ಲೆಯಿಂದಲೇ ಶುರುಮಾಡಬಹುದು ಎಂಬುದು ನನ್ನ ವಾದ.

ಬಳ್ಳಾರಿಯ ಚರಿತ್ರೆಯನ್ನೇ ನೋಡೋಣ. 1952ರ ಮೊದಲ ಚುನಾವಣೆಯಿಂದ 2004ರವರೆಗೆ ಈ ಲೋಕಸಭಾ ಕ್ಷೇತ್ರ ಕಾಂಗ್ರೆಸ್ಸಿನ ಕೈ ಬಿಟ್ಟಿರಲಿಲ್ಲ. ಟೇಕೂರು ಸುಬ್ರಹ್ಮಣ್ಯಂ, ವಿ.ಕೆ.ಆರ್.ವಿ. ರಾವ್, ಬಸವರಾಜೇಶ್ವರಿ, ಕೆ.ಸಿ. ಕೊಂಡಯ್ಯ, ಹೀಗೆ ಹೆಸರುಗಳು ಬದಲಾದವು, ಪಕ್ಷ ಬದಲಾಗಲಿಲ್ಲ. 2004ರಲ್ಲಿ ಬಿಜೆಪಿ ಗೆದ್ದ ಮೇಲೆ ಸ್ಪರ್ಧೆಯೇನೋ ಹುಟ್ಟಿತು. ಆದರೆ ಈ ಎರಡರಾಚೆಗೆ ಬಂದದ್ದೇನು? 2011ರ ನವೆಂಬರಿನಲ್ಲಿ ಬಳ್ಳಾರಿ ಗ್ರಾಮೀಣ ಉಪಚುನಾವಣೆಯಲ್ಲಿ ಬಿ. ಶ್ರೀರಾಮುಲು ಪಕ್ಷೇತರರಾಗಿ ನಿಂತು ಎರಡೂ ಪಕ್ಷಗಳನ್ನು ಸೋಲಿಸಿದರು. ಅದೇ ಬಲದ ಮೇಲೆ ಅವರ ಬಿಎಸ್‌ಆರ್ ಕಾಂಗ್ರೆಸ್ ಹುಟ್ಟಿತು. 2013ರ ವಿಧಾನಸಭಾ ಚುನಾವಣೆಯಲ್ಲಿ ಅದಕ್ಕೆ ಸಿಕ್ಕಿದ್ದು 4 ಸ್ಥಾನ. ಮರುವರ್ಷವೇ ಅದು ಬಿಜೆಪಿಯಲ್ಲಿ ಲೀನವಾಯಿತು. ಅದೇ ಹೊತ್ತಿಗೆ ಯಡಿಯೂರಪ್ಪನವರ ಕೆಜೆಪಿಯೂ ಅಲ್ಲಿಗೇ ಸೇರಿತು. 2022ರ ಡಿಸೆಂಬರಿನಲ್ಲಿ ಜಿ. ಜನಾರ್ದನ ರೆಡ್ಡಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿದರು, ಗಂಗಾವತಿಯ ಒಂದು ಸ್ಥಾನ ಗೆದ್ದರು, 2024ರ ಮಾರ್ಚಿನಲ್ಲಿ ಅದೂ ಬಿಜೆಪಿಯೊಳಗೆ ಹೋಯಿತು. ಹಳೆಯ ಮೂರನೇ ಶಕ್ತಿಯಾದ ಜೆಡಿಎಸ್ ಕೂಡ 2023ರ ಸೆಪ್ಟೆಂಬರಿನಲ್ಲಿ ಎನ್‌ಡಿಎ ಸೇರಿತು. ಇದನ್ನು ಈ ನಾಯಕರ ಗುಣದೋಷವೆಂದು ಬಿಟ್ಟುಬಿಟ್ಟರೆ ನಮಗೆ ಅರ್ಥವಾಗುವುದು ಅರ್ಧ ಮಾತ್ರ. ಒಂದೇ ಗುರುತಿನ ಚುನಾವಣೆಯಲ್ಲಿ ಮೂರನೆಯವನು ಒಂದೆರಡು ಬಾರಿ ಮತ ಒಡೆಯಬಹುದು, ಆಮೇಲೆ ದೊಡ್ಡವರ ಜೊತೆ ಸೇರಬೇಕು, ಇಲ್ಲವೇ ಅಳಿಯಬೇಕು. ಇನ್ನೂ ನೋವಿನ ಸಂಗತಿಯೆಂದರೆ, ಆ ಒಂದೆರಡು ಬಾರಿಯಾದರೂ ನಿಲ್ಲುವ ಶಕ್ತಿ ಇರುವುದು ಈಗಾಗಲೇ ಹೆಸರು, ಹಣ, ಬಳಗ ಇರುವವರಿಗೆ ಮಾತ್ರ. ನಾಲ್ಕು ಎಕರೆ ಮೆಣಸಿನಕಾಯಿ ಬೆಳೆಯುವ ರೈತ ಸಂಘದ ಕಾರ್ಯಕರ್ತನಿಗೆ ಆ ದಾರಿ ತೆರೆಯುವುದೇ ಇಲ್ಲ.

2023ರ ಬಳ್ಳಾರಿ ನಗರ ಕ್ಷೇತ್ರದ ಫಲಿತಾಂಶವನ್ನು ಹತ್ತಿರದಿಂದ ಗಮನಿಸಿ. ಕಾಂಗ್ರೆಸ್ಸಿನ ನಾರಾ ಭರತ್ ರೆಡ್ಡಿಯವರಿಗೆ ಸುಮಾರು 86 ಸಾವಿರ ಮತ. ಪ್ರಗತಿ ಪಕ್ಷದ ಅರುಣಾ ಲಕ್ಷ್ಮಿಯವರಿಗೆ ಸುಮಾರು 48 ಸಾವಿರ, ಬಿಜೆಪಿಯ ಸೋಮಶೇಖರ ರೆಡ್ಡಿಯವರಿಗೆ ಸುಮಾರು 37 ಸಾವಿರ. ಎರಡನೆಯವರೂ ಮೂರನೆಯವರೂ ಒಂದೇ ಮನೆತನದವರು. ಇವರಿಬ್ಬರ ಮತ ಕೂಡಿಸಿದರೆ ಗೆದ್ದವರ ಮತದ ಹತ್ತಿರ ಹತ್ತಿರಕ್ಕೆ ಬರುತ್ತದೆ. ಫಲಿತಾಂಶ ತಪ್ಪೆಂದು ನಾನು ಹೇಳುತ್ತಿಲ್ಲ. ಆ 37 ಸಾವಿರ ಜನರ ಎರಡನೇ ಆಯ್ಕೆ ಯಾರಾಗಿದ್ದರು? ಅರುಣಾ ಲಕ್ಷ್ಮಿಯವರೋ, ಕಾಂಗ್ರೆಸ್ಸೋ, ಯಾರೂ ಬೇಡವೋ? ಇದಕ್ಕೆ ಉತ್ತರ ಯಾರ ಬಳಿಯೂ ಇಲ್ಲ, ಏಕೆಂದರೆ ಮತಯಂತ್ರ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ರಾಜ್ಯಮಟ್ಟದಲ್ಲೂ ಇದೇ ಕಥೆ. 2018ರಲ್ಲಿ ಶೇ. 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ 80 ಸ್ಥಾನ, ಶೇ. 36ರಷ್ಟು ಪಡೆದ ಬಿಜೆಪಿಗೆ 104. ಬಹುಮತದ ಹೆಸರಿನಲ್ಲಿ ನಾವು ಎಣಿಸುತ್ತಿರುವುದು ಬಹುಮತವನ್ನಲ್ಲ.

ಈ ಭಯವನ್ನು ಹುಟ್ಟಿಸುವುದು ನಿಯಮ, ಬೆಳೆಸುವುದು ಮಾಧ್ಯಮ. 1999ರಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಇಲ್ಲಿ ಎದುರಾದಾಗ ದೇಶದ ಕ್ಯಾಮರಾಗಳೆಲ್ಲ ಬಳ್ಳಾರಿಗೆ ಬಂದವು. ವಿದೇಶಿ ಸೊಸೆಯೋ ಸ್ವದೇಶಿ ಮಗಳೋ ಎಂಬ ಒಂದೇ ಪ್ರಶ್ನೆ ಪತ್ರಿಕೆಗಳನ್ನೂ ಪರದೆಗಳನ್ನೂ ತುಂಬಿತು. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು, ಅದು ಮೆಚ್ಚುವಂಥದ್ದೇ. ಸೋನಿಯಾ ಸುಮಾರು 56 ಸಾವಿರ ಮತಗಳಿಂದ ಗೆದ್ದರು, ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. 2000ದಲ್ಲಿ ನಾವು ಮತ್ತೆ ಮತ ಹಾಕಬೇಕಾಯಿತು. ಕ್ಯಾಮರಾಗಳು ಆಗ ಬರಲಿಲ್ಲ. ಹೂಳು ತುಂಬಿ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿರುವ ತುಂಗಭದ್ರಾ ಜಲಾಶಯ, ಕಾಲುವೆಯ ಕೊನೆಯ ಭಾಗಕ್ಕೆ ಮುಟ್ಟದ ನೀರು, ಮೆಣಸಿನಕಾಯಿ ಮಾರಲು ಬ್ಯಾಡಗಿಗೆ ಲಾರಿ ಹತ್ತಿಸಬೇಕಾದ ಪಾಡು, ಇವು 'ಹೈವೋಲ್ಟೇಜ್ ಕ್ಷೇತ್ರ' ಎಂಬ ಪಟ್ಟಿಯಲ್ಲಿ ಎಂದೂ ಬರುವುದಿಲ್ಲ. ರಾಜಕೀಯ ಕುಟುಂಬಗಳೇ ವಾಹಿನಿಗಳ ಒಡೆಯರಾದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2009ರ ಚುನಾವಣೆಯ ನಂತರ ಕಾಸಿಗಾಗಿ ಸುದ್ದಿ ಮಾಡುವ ಪಿಡುಗಿನ ಬಗ್ಗೆ ಪತ್ರಿಕಾ ಮಂಡಳಿಯೇ ತನಿಖೆ ನಡೆಸಬೇಕಾಯಿತು. ಆದರೂ ಮಾಲೀಕತ್ವಕ್ಕಿಂತ ದೊಡ್ಡ ಸಮಸ್ಯೆ 'ನೇರ ಹಣಾಹಣಿ' ಎಂಬ ಒಕ್ಕಣೆಯೇ. ಪ್ರಾಮಾಣಿಕ ಪತ್ರಕರ್ತನೂ ಯಾರು ಗೆಲ್ಲಬಹುದೆಂದೇ ಬರೆಯುತ್ತಾನೆ, ಓದಿದ ಮತದಾರ ಗೆಲ್ಲುವವರ ಪಟ್ಟಿಯಲ್ಲಿಲ್ಲದ ಹೆಸರನ್ನು ಮನಸ್ಸಿನಿಂದ ಅಳಿಸುತ್ತಾನೆ.

ಹಾಗಾದರೆ ದಾರಿ ಏನು? ನೋಟಾ ಅಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅದು ಬಂತು, ಬೇಸರ ದಾಖಲಿಸಲು ಅದೊಂದು ಜಾಗ, ಅಷ್ಟೇ. 2024ರಲ್ಲಿ ಇಂದೋರಿನಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ನೋಟಾ ಒತ್ತಿದರು. ಫಲಿತಾಂಶದ ಮೇಲೆ ಅದರಿಂದ ಏನೂ ಆಗಲಿಲ್ಲ. ದಾರಿ ನಮ್ಮ ನಡುವೆಯೇ ಇದೆ. ಬಳ್ಳಾರಿ ಜಿಲ್ಲೆಯ ಪದವೀಧರರು ಈಶಾನ್ಯ ಪದವೀಧರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಸದಸ್ಯರನ್ನು ಆರಿಸುತ್ತಾರೆ. ಅಲ್ಲಿ ಮತಪತ್ರ, ಚುನಾವಣಾ ಆಯೋಗವೇ ಕೊಡುವ ನೇರಳೆ ಬಣ್ಣದ ಪೆನ್ನು. ಇಷ್ಟವಾದವರ ಹೆಸರಿನ ಮುಂದೆ 1, ಆಮೇಲಿನವರಿಗೆ 2, 3 ಎಂದು ಬರೆಯಬೇಕು. ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬಾರದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಎರಡನೇ ಆಯ್ಕೆಯ ಪ್ರಕಾರ ಹಂಚುತ್ತಾರೆ. ಅಲ್ಲಿ ಓಟು ವೇಸ್ಟಾಗುವ ಭಯ ಬಹುಮಟ್ಟಿಗೆ ಇಲ್ಲ. ನಮ್ಮವನಿಗೆ 1 ಕೊಟ್ಟು, ಬೇಡದವನನ್ನು ತಡೆಯಬಲ್ಲವನಿಗೆ 2 ಕೊಡಬಹುದು. ಸಂವಿಧಾನವೇ ಈ ಹಕ್ಕನ್ನು ಪದವೀಧರನಿಗೆ ಕೊಟ್ಟಿದೆ. ಅದೇ ಊರಿನಲ್ಲಿ ಹತ್ತಿ ಬಿಡಿಸುವ ಅವನ ತಾಯಿಗೆ ಈ ಹಕ್ಕಿಲ್ಲ. ಈ ಭೇದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುತ್ತಿಲ್ಲ.

ಆಕ್ಷೇಪಗಳಿವೆ. ಓದು ಬಾರದವರು ಅಂಕಿ ಹೇಗೆ ಬರೆದಾರು ಎಂಬುದು ಮೊದಲನೆಯದು. 1952ರಲ್ಲೂ ಇದೇ ಅನುಮಾನವಿತ್ತು. ಆಗ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಒಂದೊಂದು ಪೆಟ್ಟಿಗೆ ಇಟ್ಟು ಮತದಾನ ನಡೆಸಿದರು. ಆಮೇಲೆ ಮುದ್ರೆ ಬಂತು, ಯಂತ್ರ ಬಂತು, ಯಂತ್ರದ ಪಕ್ಕ ವಿವಿಪ್ಯಾಟ್ ಬಂತು. ಪ್ರತಿ ಸಲವೂ ಹಳ್ಳಿಯ ಜನ ಕಲಿತರು. ನೆರೆಯ ಶ್ರೀಲಂಕಾದಲ್ಲಿ 1982ರಿಂದ ಅಧ್ಯಕ್ಷರ ಚುನಾವಣೆಯಲ್ಲಿ 1, 2, 3 ಬರೆಯುವ ಅವಕಾಶವಿದೆ. 2024ರಲ್ಲಿ ಮೊದಲ ಬಾರಿಗೆ ಎರಡನೇ ಸುತ್ತಿನ ಎಣಿಕೆ ನಡೆಯಿತು. ಗೆದ್ದ ದಿಸ್ಸನಾಯಕೆ ಅದಕ್ಕೂ ಐದು ವರ್ಷ ಹಿಂದೆ ಶೇ. 3ರಷ್ಟು ಮತ ಪಡೆದವರು. ಅಲ್ಲಿ ಬಹುಪಾಲು ಜನ ಒಂದೇ ಗುರುತು ಹಾಕಿದರು ಎಂಬುದೂ ಸತ್ಯ. ನಿಯಮದ ಜೊತೆಗೆ ತಿಳಿವಳಿಕೆಯೂ ಬೇಕು ಎಂಬುದಕ್ಕೆ ಅದು ಸಾಕ್ಷಿ. ಎರಡು ಪಕ್ಷವಿದ್ದರೆ ಸರ್ಕಾರ ಗಟ್ಟಿ ಎಂಬುದು ಇನ್ನೊಂದು ಆಕ್ಷೇಪ. 2008ರಿಂದ 2013ರವರೆಗೆ ಒಂದೇ ಪಕ್ಷದ ಆಡಳಿತದಲ್ಲಿ ನಾವು ಮೂವರು ಮುಖ್ಯಮಂತ್ರಿಗಳನ್ನು ಕಂಡೆವು. 2019ರಲ್ಲಿ ಅನರ್ಹಗೊಂಡ 17 ಶಾಸಕರ ಪೈಕಿ ಅಂದಿನ ನಮ್ಮ ಜಿಲ್ಲೆಯ ಆನಂದ್ ಸಿಂಗ್ ಒಬ್ಬರು. ಕಾಂಗ್ರೆಸ್ಸಿನಿಂದ ಗೆದ್ದವರು ಬಿಜೆಪಿಯಿಂದ ಮತ್ತೆ ಗೆದ್ದರು. ಗಟ್ಟಿತನ ಪಕ್ಷಗಳ ಸಂಖ್ಯೆಯಿಂದ ಬರುವುದಿಲ್ಲ. ಜಾತಿಗೊಂದು ಪಕ್ಷವಾಗುತ್ತದೆ ಎನ್ನುವವರಿಗೆ ನನ್ನ ಉತ್ತರ ಇದು: ಎರಡನೇ ಆಯ್ಕೆಯ ಮತ ಬೇಕಾದ ಅಭ್ಯರ್ಥಿ ತನ್ನ ಕೇರಿಯನ್ನು ದಾಟಿ ಬೇರೆ ಕೇರಿಯಲ್ಲೂ ಕೈ ಮುಗಿಯಲೇಬೇಕು. ಇನ್ನು, ಇದರಿಂದ ದೊಡ್ಡ ಪಕ್ಷಗಳು ಮಾಯವಾಗುತ್ತವೆಂದು ನಾನು ನಂಬುವುದಿಲ್ಲ. 1918ರಿಂದ ಈ ಪದ್ಧತಿಯಿರುವ ಆಸ್ಟ್ರೇಲಿಯಾದಲ್ಲಿ ಇಂದಿಗೂ ಸರ್ಕಾರ ರಚಿಸುವುದು ಎರಡು ಬಣಗಳೇ. ಆದರೆ ಅಲ್ಲಿ 2022ರಲ್ಲಿ ಎರಡೂ ಬಣಗಳಿಗೆ ಸೇರದ 16 ಮಂದಿ ಕೆಳಮನೆಗೆ ಬಂದರು. ನನಗೆ ಅಷ್ಟು ಸಾಕು.

ಇದನ್ನೆಲ್ಲ ದೆಹಲಿಯೇ ಮಾಡಬೇಕೆಂದು ಕೈಕಟ್ಟಿ ಕೂರಬೇಕಿಲ್ಲ. ಪಂಚಾಯಿತಿ ಚುನಾವಣೆಗಳ ಕಾನೂನು ರಾಜ್ಯ ಶಾಸನಸಭೆಯ ಅಧಿಕಾರದಲ್ಲಿದೆ. 2020ರಲ್ಲಿ ಬೀದರ್ ಹೊರತು ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಮತಪತ್ರದಲ್ಲೇ ಮತದಾನ ನಡೆಯಿತು, ಅಂದರೆ ಅಂಕಿ ಬರೆಸಲು ಯಂತ್ರ ಅಡ್ಡಬರುವುದಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದದ್ದು, 2021ರಲ್ಲಿ ಅವಧಿ ಮುಗಿದದ್ದು. ಆಮೇಲೆ ಎರಡೂ ಪಕ್ಷಗಳು ಸರದಿಯಲ್ಲಿ ಆಳಿದರೂ ವರ್ಷಗಟ್ಟಲೆ ಆ ಚುನಾವಣೆ ನಡೆಸಲಿಲ್ಲ. ಬೇರೆಲ್ಲದರಲ್ಲಿ ಜಗಳವಾಡುವವರು ಇದೊಂದರಲ್ಲಿ ಒಂದಾದರು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಜನ ನಮ್ಮ ಶಾಸಕರನ್ನು ಮೊದಲು ಕೇಳಬೇಕಾದದ್ದು ಆ ಚುನಾವಣೆಯನ್ನು. ಜೊತೆಗೇ ಕೇಳಬೇಕಾದದ್ದು, ಅದರ ಮತಪತ್ರದಲ್ಲಿ ಹೆಸರು, ಚಿಹ್ನೆಗಳ ಪಕ್ಕ ಅಂಕಿ ಬರೆಯಲು ಒಂದು ಖಾಲಿ ಚೌಕವನ್ನು.