ಕಾಗದ ಯಾರ ಕೈಯಲ್ಲಿ? – ವಕೀಲ ಹಳಕಟ್ಟಿಯವರ ಬದುಕು

(ಇಳಕಲ್ಲಿನ ನೇಕಾರರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಮಾಸ್ತರಿಕೆ ಮಾಡುತ್ತಿದ್ದಾಗ ರಾತ್ರಿ ಶಾಲೆಗೆ ಬಂದ ನೇಕಾರನೊಬ್ಬ ತನ್ನ ಹೆಸರು ಬರೆಯಲು ಕಲಿತ. ನಮಗೆ ಬಲು ಹಿಗ್ಗು. ಆಮೇಲೆ ತಿಳಿಯಿತು: ಅವನು ಮೊದಲ ಸಹಿ ಹಾಕಿದ್ದು ಸಾವಕಾರನ ಮುಂದೆ, ಏನೂ ಬರೆಯದ ಸ್ಟಾಂಪ್ ಕಾಗದದ ಮೇಲೆ! ಸಹಿ ಕಲಿಸಿದೆವು, ಕಾಗದ ಓದಲು ಕಲಿಸಲಿಲ್ಲ. ತಪ್ಪು ನಮ್ಮದೇ.

ಆದುದರಿಂದ ಇಂದು ಕಾಗದದ ಬಲವನ್ನು ಬಲ್ಲವರೊಬ್ಬರ ಮಾತು ಹೇಳುತ್ತೇವೆ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಕಾಯದೆ ಓದಿ, 1904ರಲ್ಲಿ ಬೆಳಗಾವಿಯಲ್ಲಿ ವಕೀಲಿ ಆರಂಭಿಸಿ, ಬಳಿಕ ವಿಜಾಪುರಕ್ಕೆ ಬಂದರು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳೆಲ್ಲ 1997ರವರೆಗೂ ಆ ಜಿಲ್ಲೆಗೇ ಸೇರಿದ್ದವು.

ಬರ ಬೀಳುವ ನಾಡಿನಲ್ಲಿ ಸಾಲದ ದಾವೆಗಳಿಗೆ ಕೊರತೆಯೇ? ವಕೀಲರು ಅಷ್ಟರಿಂದಲೇ ಸುಖವಾಗಿ ಬಾಳಬಹುದಿತ್ತು. ಅವರು 1910ರಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಸಾಲಪತ್ರದಲ್ಲಿ ಬರೆಯುವವನೊಬ್ಬ, ಕಟ್ಟಿಗೆ ಬೀಳುವವನೊಬ್ಬ. ಸಹಕಾರದಲ್ಲಿ ಶೇರು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಇದೇ ಅದರ ಗುಟ್ಟು. 1920ರಲ್ಲಿ ಅವರು ಮುಂಬಯಿ ಶಾಸನಸಭೆಯ ಸದಸ್ಯರಾದರು.

ಇನ್ನೊಂದು ಕಾಗದದ ಕಥೆಯಿದೆ. ನೇಕಾರರ ಊರಾದ ರಬಕವಿ-ಬನಹಟ್ಟಿಯಲ್ಲಿ 1903ರಲ್ಲಿ ಅವರು ವಚನಗಳ ತಾಡೋಲೆ ಕಂಡರು. ಊರೂರು ಅಲೆದು ಓಲೆ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. 1925ರಲ್ಲಿ ಸ್ವಂತ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಓಲೆಗಳಲ್ಲಿ ಯಾರಿದ್ದರು? ನೇಯುವ ದಾಸಿಮಯ್ಯ, ನೂಲುವ ಕದಿರ ರೆಮ್ಮವ್ವೆ, ದೋಣಿ ನಡೆಸುವ ಚೌಡಯ್ಯ. ಗಂಟು ಕಟ್ಟಿ ಜಗುಲಿಯ ಮೇಲಿಟ್ಟು ಪೂಜಿಸುತ್ತಿದ್ದ ದುಡಿಯುವವರ ಮಾತು ಮತ್ತೆ ದುಡಿಯುವವರ ಕೈಗೆ ಬಂತು.

ಹಳಕಟ್ಟಿಯವರು ಸಮಾಜವಾದಿಗಳಲ್ಲ. ಬ್ರಿಟಿಷ್ ಸರಕಾರದ ರಾವಬಹಾದ್ದೂರ ಪದವಿಯನ್ನೂ ಪಡೆದರು. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಸಂಸ್ಥೆಗಳನ್ನು ಬೆಳೆಸಿದ ಆ ಮನುಷ್ಯ 1964ರಲ್ಲಿ ತೀರಿಕೊಂಡಾಗ ಸಿರಿವಂತರಾಗಿರಲಿಲ್ಲ. ಇದನ್ನೂ ಹೇಳಲೇಬೇಕು.

ಈಗ ನಿಮ್ಮನ್ನೇ ಕೇಳುತ್ತೇವೆ. ನಿಮ್ಮ ಸಂಘದ ಲೆಕ್ಕದ ಪುಸ್ತಕವನ್ನು ಕಡೆಯ ಸಲ ನೋಡಿದ್ದು ಯಾವಾಗ? ನೂಲಿನ ದರ, ಸೀರೆಯ ಕೂಲಿ ಬರೆಯುವ ಕೈ ಯಾರದು? ವಾರ್ಷಿಕ ಸಭೆಗೆ ಹೋಗದೆ, ಚಹ ಕುಡಿಸಿದವನಿಗೆ ಸಹಿ ಹಾಕಿಕೊಟ್ಟರೆ ಸಂಘವೂ ಇನ್ನೊಬ್ಬ ಸಾವಕಾರನೇ ಆದೀತು.

ಸಹಿಗೆ ಮೊದಲು ಓದಿರಿ. ಓದು ಬಾರದಿದ್ದರೆ ಮಗಳ ಕೈಯಲ್ಲಿ ಓದಿಸಿರಿ. ಮಗ್ಗ ನಿಮ್ಮದಾದರೆ ಸಾಲದು, ಲೆಕ್ಕವೂ ನಿಮ್ಮದಾಗಬೇಕು.