ಗುಪ್ತಪದವನ್ನು ಕಾಪಾಡುವ ಬಗೆ

ಥಾಣೆ, ಕಲ್ಯಾಣ, ಡೊಂಬಿವಲಿ ಹಾಗೂ ನವಿ ಮುಂಬಯಿಯ ನಿಲ್ದಾಣಗಳಲ್ಲಿ ಬೆಳಗಿನ ಲೋಕಲ್ ಗಾಡಿ ಹಿಡಿಯುವವರು ಸೀಸನ್ ಟಿಕೆಟಿನೊಂದಿಗೆ ಗುರುತಿನ ಚೀಟಿಯನ್ನೂ ಇರಿಸಿಕೊಂಡಿರಬೇಕು. ಟಿಕೆಟು ಪ್ರಯಾಣಿಕನು ಯಾರೆಂದು ಹೇಳುತ್ತದೆ. ಚೀಟಿಯ ಭಾವಚಿತ್ರ ಅದನ್ನು ದೃಢಪಡಿಸುತ್ತದೆ. ಗಣಕಯಂತ್ರದ ಬಾಗಿಲಿನಲ್ಲಿಯೂ ಇದೇ ತಪಾಸಣೆ. ಬಳಕೆದಾರನ ಹೆಸರು ಟಿಕೆಟಿನಂತೆ. ಪಾಸ್‌ವರ್ಡ್ ಎಂದು ರೂಢಿಯಲ್ಲಿರುವ ಗುಪ್ತಪದ ಭಾವಚಿತ್ರದಂತೆ.

ಇಂತಹ ತಪಾಸಣೆಯ ಪ್ರೋಗ್ರಾಂ ಬರೆಯುವುದು ಹೊಸದಾಗಿ ಕಲಿಯುವವರಿಗೂ ಕಷ್ಟವಲ್ಲ. ಒಂದು ಕಡತದಲ್ಲಿ ಹೆಸರುಗಳನ್ನೂ ಗುಪ್ತಪದಗಳನ್ನೂ ಬರೆದಿಟ್ಟು, ಬಂದವನು ಟೈಪು ಮಾಡಿದ್ದನ್ನು ಹೋಲಿಸಿ ನೋಡಿದರಾಯಿತು. ಈ ಊರುಗಳ ಯಾವುದಾದರೊಂದು ಕನ್ನಡ ಸಂಘದ ಗ್ರಂಥಾಲಯಕ್ಕೆ ಈ ವ್ಯವಸ್ಥೆ ಮಾಡಲಾಗಿದೆ ಎಂದು ಭಾವಿಸಬಹುದು. ಯಂತ್ರ ದುರಸ್ತಿಗೆ ಬಂದವನೂ ಆ ಕಡತವನ್ನು ಓದಬಲ್ಲ. ಗ್ರಂಥಾಲಯದಲ್ಲಿ ಕದಿಯುವಂತಹುದು ಏನಿದೆ ಎಂದು ಕೇಳುವವರುಂಟು. ಆದರೆ ಅನೇಕ ಸದಸ್ಯರು ಅದೇ ಪದವನ್ನು ಬ್ಯಾಂಕಿನ ಖಾತೆಗೂ ಬಳಸುತ್ತಾರೆ, ನಷ್ಟವಾಗುವುದು ಅಲ್ಲಿ.

ಈ ಅಪಾಯ ಹೊಸದಲ್ಲ. 1966ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಗಣಕದಲ್ಲಿ ಎರಡು ಕಡತಗಳು ಅದಲುಬದಲಾಗಿ, ಪ್ರವೇಶಿಸಿದವರಿಗೆಲ್ಲ ದಿನದ ಸೂಚನೆಯ ಬದಲು ಎಲ್ಲರ ಗುಪ್ತಪದಗಳು ಕಾಣಿಸಿಕೊಂಡವು. ಪದವನ್ನೇ ಇಡದಿದ್ದರೆ ಬಯಲಾಗುವ ಭಯವೂ ಇಲ್ಲ. ಯೂನಿಕ್ಸ್ ವ್ಯವಸ್ಥೆಯಲ್ಲಿ ಇದನ್ನು ಸಾಧಿಸಿದ ಬಗೆಯನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದರು.

ಬೀಸಿದ ಹಿಟ್ಟು ಮರಳಿ ಕಾಳಾಗದು. ಅದರಂತೆಯೇ ಗುಪ್ತಪದವನ್ನು ಹಿಂತಿರುಗಿಸಲಾಗದ ಗಣಿತಕ್ರಿಯೆಯೊಂದಕ್ಕೆ ಒಳಪಡಿಸಿ, ಬಂದ ಫಲವನ್ನು ಮಾತ್ರ ಕಡತದಲ್ಲಿ ಇಡಲಾಗುತ್ತದೆ. ಸದಸ್ಯನು ಮತ್ತೆ ಬಂದಾಗ ಅವನು ಟೈಪು ಮಾಡಿದ್ದನ್ನೂ ಹಾಗೆಯೇ ಬೀಸಿ ಎರಡು ಫಲಗಳನ್ನು ಹೋಲಿಸುವುದು. ಇಷ್ಟೇ ಸಾಲದು. ಇಬ್ಬರು ಒಂದೇ ಪದವನ್ನು ಆರಿಸಿಕೊಂಡಿದ್ದರೆ ಫಲವೂ ಒಂದೇ ಆಗುತ್ತದೆ. ಸಾಮಾನ್ಯ ಪದಗಳನ್ನೆಲ್ಲ ಮೊದಲೇ ಬೀಸಿಟ್ಟುಕೊಂಡ ಕಳ್ಳನಿಗೆ ಅದು ಅನುಕೂಲ. ಆದುದರಿಂದ ಬೀಸುವ ಮುನ್ನ ಪ್ರತಿಯೊಬ್ಬ ಸದಸ್ಯನ ಪದಕ್ಕೂ ಬೇರೆ ಬೇರೆ ಯಾದೃಚ್ಛಿಕ ಅಕ್ಷರಗಳನ್ನು ಬೆರೆಸುತ್ತಾರೆ. ಇದಕ್ಕೆ ಉಪ್ಪು ಎಂದೇ ಹೆಸರು. ಉಪ್ಪನ್ನು ಫಲದ ಪಕ್ಕದಲ್ಲಿಯೇ ಬರೆದಿಡಬಹುದು, ಅದು ಗುಟ್ಟಲ್ಲ. ಬೀಸುವ ಕ್ರಿಯೆ ಬೇಕೆಂದೇ ನಿಧಾನವಾಗಿರಬೇಕು. ಬಿಕ್ರಿಪ್ಟ್, ಆರ್ಗಾನ್2 ಮುಂತಾದ ಸಿದ್ಧ ವಿಧಾನಗಳು ಅಂತಹವು. ಸದಸ್ಯನಿಗೆ ಅರೆಕ್ಷಣದ ವಿಳಂಬ ತಿಳಿಯದು. ಕೋಟಿಗಟ್ಟಲೆ ಪದಗಳನ್ನು ಪರೀಕ್ಷಿಸುವವನಿಗೆ ಅದೇ ದೊಡ್ಡ ಅಡ್ಡಿ.

ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ 2011ರಲ್ಲಿ ಹೊರಡಿಸಿದ ನಿಯಮಗಳು ಸೂಕ್ಷ್ಮ ವೈಯಕ್ತಿಕ ಮಾಹಿತಿಯ ಪಟ್ಟಿಯಲ್ಲಿ ಮೊದಲಿಗೇ ಗುಪ್ತಪದವನ್ನು ಸೇರಿಸಿವೆ.

ಕಡತವನ್ನು ಕಾಣಲಾರದ ಸಾಮಾನ್ಯ ಸದಸ್ಯನಿಗೂ ಒಂದು ಪರೀಕ್ಷೆ ಸಾಧ್ಯ. ಪದ ಮರೆತುಹೋಯಿತೆಂದು ತಿಳಿಸಿದಾಗ ಒಳ್ಳೆಯ ವ್ಯವಸ್ಥೆ ಹೊಸದನ್ನು ಇಟ್ಟುಕೊಳ್ಳಲು ಹೇಳುತ್ತದೆ. ಹಳೆಯ ಪದವನ್ನೇ ತಿಳಿಸಿದರೆ, ಅದು ಅಲ್ಲಿ ಇದ್ದ ರೂಪದಲ್ಲೋ ಹಿಂತಿರುಗಿಸಬಲ್ಲ ರೂಪದಲ್ಲೋ ಉಳಿದಿದೆ ಎಂದರ್ಥ.