ಉದ್ಯಾನವೆಂದರೆ ಹುಲ್ಲುಹಾಸೆ, ಕಾಡೆ?



ಉದ್ಯಾನ ಎಂಬ ಮಾತು ಕೇಳಿದೊಡನೆ ನಮ್ಮಲ್ಲಿ ಹಲವರಿಗೆ ಲಾಲ್‌ಬಾಗ್ ನೆನಪಾಗುತ್ತದೆ. ಹೂವಿನ ಪಾತಿ, ಹುಲ್ಲುಹಾಸು, ಕಲ್ಲುಬೆಂಚು. ಅದರ ಹಿಂದೆ ‘ರಾಷ್ಟ್ರೀಯ’ ಎಂದು ಸೇರಿಸಿದರೆ ಬಂಡೀಪುರದ ಕಾಡು ಕಣ್ಣಮುಂದೆ ಬರುತ್ತದೆ. ಒಂದೇ ಪದಕ್ಕೆ ಇಷ್ಟು ದೂರದ ಎರಡು ಅರ್ಥಗಳು. ಈ ಎರಡೂ ಅರ್ಥಗಳನ್ನು ಒಂದೇ ದಿನದಲ್ಲಿ ಕಾಣಬೇಕೆಂದರೆ ಆಸ್ಟ್ರೇಲಿಯಾದ ರಾಯಲ್ ನ್ಯಾಷನಲ್ ಪಾರ್ಕಿಗೆ ಹೋಗಬೇಕು. ಸಿಡ್ನಿ ನಗರದ ದಕ್ಷಿಣಕ್ಕೆ, ಪೆಸಿಫಿಕ್ ಸಾಗರದ ಅಂಚಿನಲ್ಲಿರುವ ಈ ಉದ್ಯಾನ ಸ್ಥಾಪನೆಯಾದದ್ದು 1879ರಲ್ಲಿ. ಇದಕ್ಕಿಂತ ಹಳೆಯದು ಅಮೆರಿಕದ ಯೆಲ್ಲೋಸ್ಟೋನ್, 1872ರದು. ಹೆಸರಿಗೆ ‘ರಾಯಲ್’ ಅಂಟಿಕೊಂಡದ್ದು 1955ರಲ್ಲಿ, ಹಿಂದಿನ ವರ್ಷ ರಾಣಿ ಎಲಿಜಬೆತ್ ಬಂದುಹೋದ ಮೇಲೆ.

ಬೆಳಿಗ್ಗೆ ಸಿಡ್ನಿಯಿಂದ ರೈಲಿನಲ್ಲಿ ಕ್ರೊನುಲ್ಲಾಕ್ಕೆ ಬಂದು, ಅಲ್ಲಿ ದೋಣಿ ಹತ್ತಿ ಕೊಲ್ಲಿಯನ್ನು ದಾಟಿದರೆ ಬಂಡೀನಾ ಎಂಬ ಪುಟ್ಟ ಊರು ಸಿಗುತ್ತದೆ. ಊರಿನಾಚೆ ಸ್ವಲ್ಪ ದೂರ ನಡೆದರೆ ಜಿಬ್ಬನ್ ಎಂಬಲ್ಲಿ ಚಪ್ಪಟೆ ಬಂಡೆಗಳ ಮೇಲೆ ತಿಮಿಂಗಿಲ, ಕಾಂಗರೂಗಳ ರೇಖಾಚಿತ್ರಗಳಿವೆ. ಕೆತ್ತಿದವರು ಧಾರವಲ್ ಎಂಬ ಮೂಲನಿವಾಸಿಗಳು. ಸರಕಾರ ಕಾಗದದ ಮೇಲೆ ಗೆರೆ ಎಳೆದು ಉದ್ಯಾನವೆಂದು ಕರೆಯುವ ಮೊದಲೇ ಇದು ಒಂದು ಜನರ ನೆಲವಾಗಿತ್ತು ಎಂಬುದಕ್ಕೆ ಬೇರೆ ದಾಖಲೆ ಬೇಕಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಕಡಲ ಕಡಿಬಂಡೆಗಳ ಮೇಲಿನ ಕಾಲುದಾರಿ. ಇಡೀ ದಾರಿ ಸುಮಾರು 26 ಕಿಲೋಮೀಟರ್; ಒಂದು ದಿನದ ಪ್ರವಾಸಿಗೆ ಮೊದಲ ಭಾಗವೇ ಸಾಕು. ಕಾಲ ಕೆಳಗಿರುವುದು 20 ಕೋಟಿ ವರ್ಷಗಳಿಗೂ ಹಿಂದಿನ ಮರಳುಗಲ್ಲು. ಒಂದು ಕಡೆ ಕಲ್ಲಿನೊಳಗಿನ ಕಬ್ಬಿಣದಂಶ ತೊಳೆದುಹೋಗಿ ಬಂಡೆ ಬೆಳ್ಳಗೆ, ಚೂರಿಯಿಂದ ಕತ್ತರಿಸಿದಂತೆ ನಿಂತಿದೆ. ಅದಕ್ಕೆ ‘ಮದುವೆಯ ಕೇಕು’ ಎಂದು ಹೆಸರು. ತುದಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವರ ನೂಕುನುಗ್ಗಲು ಹೆಚ್ಚಿ, ಬಂಡೆಯೂ ಕುಸಿಯುವ ಸ್ಥಿತಿಯಲ್ಲಿದ್ದುದರಿಂದ 2015ರಲ್ಲಿ ಅದಕ್ಕೆ ಬೇಲಿ ಹಾಕಿದರು. ಕ್ಯಾಮೆರಾದ ಜೊತೆ ಬದುಕುವವನಾಗಿ ಹೇಳುತ್ತೇನೆ: ಬೇಲಿಯ ಹೊರಗಿನಿಂದಲೇ ಚಿತ್ರ ಚೆನ್ನಾಗಿ ಬರುತ್ತದೆ.

ಮಧ್ಯಾಹ್ನ ವಾಹನದಲ್ಲಿ ಒಳನಾಡಿನ ಆಡ್ಲಿಗೆ ಬಂದರೆ ನೋಟವೇ ಬೇರೆ. ನದಿಗೆ ಅಡ್ಡಗಟ್ಟೆ, ಬಾಡಿಗೆ ದೋಣಿಗಳು, ವಿಶಾಲವಾದ ಹುಲ್ಲುಹಾಸು. ಇದೇ ಆ ಉದ್ಯಾನದ ಮೊದಲ ಅರ್ಥ. 1879ರ ಸಿಡ್ನಿ ಇಕ್ಕಟ್ಟಾದ, ರೋಗರುಜಿನಗಳ ನಗರ. ದುಡಿಯುವ ಜನಕ್ಕೆ ಒಳ್ಳೆಯ ಗಾಳಿ ಬೇಕು ಎಂಬುದೇ ಉದ್ಯಾನದ ಉದ್ದೇಶವಾಗಿತ್ತು. ಕ್ರಿಕೆಟ್ ಮೈದಾನ, ಕುದುರೆಪಂದ್ಯದ ಜಾಗ, ಮೃಗಾಲಯ, ಸೈನ್ಯದ ಕವಾಯತಿನ ಬಯಲು, ಎಲ್ಲಕ್ಕೂ ಧರ್ಮದರ್ಶಿಗಳಿಗೆ ಅಧಿಕಾರವಿತ್ತು. ಅಂದಿನವರನ್ನು ನಾವು ಹಗುರವಾಗಿ ಕಾಣಬೇಕಿಲ್ಲ. ಬಡವರ ಉಸಿರಾಟದ ಚಿಂತೆ ಸಣ್ಣ ಚಿಂತೆಯಲ್ಲ. ಆದರೆ ಕಾಡು ಕಾಡಾಗಿಯೇ ಉಳಿಯಬೇಕೆಂಬ ಯೋಚನೆ ಅವರಿಗೆ ಅಷ್ಟಾಗಿ ಇರಲಿಲ್ಲ. ಹಾಗಾಗಿಯೇ 20ನೆಯ ಶತಮಾನದ ಆರಂಭದಲ್ಲಿ, ನೋಡಲು ಅಂದವಾಗಿರಲೆಂದು, ಜಾವಾ ಕಡೆಯ ರೂಸಾ ಜಿಂಕೆಗಳನ್ನು ತಂದು ಬಿಟ್ಟರು. ನಮ್ಮ ಕಡವೆಯ ಹತ್ತಿರದ ನೆಂಟ ಇದು. ಬಂಡೀಪುರದಲ್ಲಿ ಕಡವೆಯ ಹಿಂದೆ ಹುಲಿಯಿದೆ. ಇಲ್ಲಿ ರೂಸಾಗೆ ಅಂಥ ವೈರಿ ಇಲ್ಲ.

ಇನ್ನು ಬೆಂಕಿಯ ವಿಷಯ. ಇಲ್ಲಿನ ಬ್ಯಾಂಕ್ಸಿಯಾ ಗಿಡಗಳಲ್ಲಿ ಹಲವು ಜಾತಿಗಳು ತಮ್ಮ ಬೀಜಗಳನ್ನು ಮರದಂತೆ ಗಟ್ಟಿಯಾದ ಕಾಯಿಗಳಲ್ಲಿ ವರ್ಷಗಟ್ಟಲೆ ಬಿಗಿಹಿಡಿದಿರುತ್ತವೆ. ಕಾಳ್ಗಿಚ್ಚು ತಾಯಿಗಿಡವನ್ನು ಸುಟ್ಟರೂ ಅದೇ ಬಿಸಿಗೆ ಕಾಯಿ ಬಾಯ್ಬಿಟ್ಟು, ಬೂದಿಯ ಮೇಲೆ ಬೀಜ ಉದುರುತ್ತದೆ. ನೀಲಗಿರಿಯ ಬಳಗದ ಮರಗಳು ಸುಟ್ಟ ಕಾಂಡದ ತೊಗಟೆಯಡಿಯಿಂದಲೇ ಚಿಗುರುತ್ತವೆ. ಹಾಗಾದರೆ ಬೆಂಕಿ ಒಳ್ಳೆಯದೆ? ಲೆಕ್ಕ ಇರುವುದು ಎರಡು ಬೆಂಕಿಗಳ ನಡುವಿನ ಅಂತರದಲ್ಲಿ. ಸಸಿ ಬೆಳೆದು ಹೂಬಿಟ್ಟು, ಬೀಜದ ಗಂಟು ಕಟ್ಟಿಕೊಳ್ಳಲು ಹಲವು ವರ್ಷ ಬೇಕು. ಅದಕ್ಕೆ ಮೊದಲೇ ಮತ್ತೆ ಬೆಂಕಿ ಬಿದ್ದರೆ ಉದುರಲು ಬೀಜವೇ ಇರುವುದಿಲ್ಲ. 1994ರ ಜನವರಿಯಲ್ಲಿ ಉದ್ಯಾನದ ಶೇಕಡಾ 90ಕ್ಕೂ ಹೆಚ್ಚು ಭಾಗ ಸುಟ್ಟಿತು. ಎಂಟು ವರ್ಷ ತುಂಬುವ ಮುನ್ನ, 2001ರ ಕ್ರಿಸ್ಮಸ್ ಹೊತ್ತಿಗೆ, ಮತ್ತೆ ದೊಡ್ಡದೊಂದು ಭಾಗ ಉರಿಯಿತು.

ಇಂಥ ಸಮಯದಲ್ಲಿ ಬೂದಿಯಿಂದ ಮೇಲೆದ್ದ ಎಳೆಯ ಸಸಿಗಳನ್ನು ಮೇಯಲು ಜಿಂಕೆಗಳು ಬರುತ್ತವೆ. ಅಂದಕ್ಕೆಂದು ತಂದ ಪ್ರಾಣಿಯೇ ಈಗ ಕಾಡು ಮರಳಿ ಬೆಳೆಯುವುದಕ್ಕೆ ಅಡ್ಡಿ. 1967ರಿಂದ ಈ ಉದ್ಯಾನ ನ್ಯೂ ಸೌತ್ ವೇಲ್ಸ್‌ನ ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಸೇವೆಯ ಕೈಯಲ್ಲಿದೆ. ವನ್ಯಜೀವಿಗಳನ್ನು ಕಾಯುವುದೇ ಕೆಲಸವಾದ ಆ ಇಲಾಖೆ ಇಲ್ಲಿ ಗುರಿಕಾರರನ್ನು ಕಳಿಸಿ ಜಿಂಕೆಗಳ ಸಂಖ್ಯೆಯನ್ನು ಇಳಿಸುತ್ತದೆ. ಇದನ್ನು ಒಪ್ಪದವರೂ ಅಲ್ಲಿದ್ದಾರೆ. ಆ ದೊಡ್ಡ ಕಣ್ಣುಗಳನ್ನು ಕಂಡವರಿಗೆ ಅದು ಸಹಜವೇ. ಸಂಜೆ ಮರಳುವ ದೋಣಿಗಾಗಿ ಬಂಡೀನಾಕ್ಕೆ ಬಂದವರಿಗೆ, ಮನೆಗಳ ಅಂಗಳದ ಹುಲ್ಲು ಮೇಯುತ್ತ ನಿಂತ ರೂಸಾಗಳು ಕಾಣಸಿಗುವುದುಂಟು. ಮನುಷ್ಯರನ್ನು ಕಂಡರೆ ಅವಕ್ಕೆ ಅಷ್ಟೇನೂ ಹೆದರಿಕೆಯಿಲ್ಲ.